ಒಂಬತ್ತು ವರ್ಷದ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ

ಮಾರ್ಥಳ ತಂಗಿ
ಹನ್ನೊಂದು ವರ್ಷಗಳಿಂದ ನಮ್ಮ ಸಭೆಯ (ಚರ್ಚಿನ) ಮಕ್ಕಳಿಗೆ ಭಾನುವಾರದ ಪಾಠ ಹೇಳಿಕೊಡುತ್ತಿದ್ದೇನೆ. ಮೊನ್ನೆಯ ಪಾಠ ಕ್ಷಮೆಯ ಬಗ್ಗೆ. ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳಿದ್ದು, ಏಳೆಪ್ಪತ್ತು ಸಾರಿ ಎಂದು ಯೇಸು ಹೇಳಿದ್ದು, ಹತ್ತು ಸಾವಿರ ತಲಾಂತು ಸಾಲವನ್ನು ಮನ್ನಾ ಮಾಡಿಸಿಕೊಂಡವನು ಹೊರಗೆ ಬಂದು ನೂರು ಬೆಳ್ಳಿ ನಾಣ್ಯಕ್ಕಾಗಿ ಇನ್ನೊಬ್ಬನ ಕುತ್ತಿಗೆ ಹಿಡಿದದ್ದು, ಎಲ್ಲವನ್ನೂ ಅಭಿನಯ ಮಾಡಿ ಹೇಳಿದೆ. ಮಕ್ಕಳು ನಕ್ಕರು. ಆಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೈಯೆತ್ತಿ, "ಹಾಗಾದರೆ ಟೀಚರ್, ನೀವು ನಮ್ಮ ಅಮ್ಮನ ಜೊತೆ ಏಕೆ ಮಾತನಾಡುವುದಿಲ್ಲ?" ಎಂದಳು.

"ಅದು ದೊಡ್ಡವರ ವಿಷಯ, ಪುಟ್ಟಿ" ಎಂದೆ. ಅವಳು ತಲೆಯಾಡಿಸಿ ಚಿತ್ರಕ್ಕೆ ಬಣ್ಣ ಹಚ್ಚಲು ಹೋದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ ಎಂದು ಗೊತ್ತು. ಪ್ರಾರ್ಥನೆಯಲ್ಲಿ ಕಣ್ಣೀರಿಡುವವರು ಮನೆಯಲ್ಲಿ ಗುಡುಗುವುದನ್ನು ನೋಡಿದ್ದೇನೆ. ಆದ್ದರಿಂದ ಸುಮ್ಮನೆ ಕೇಳುತ್ತಿದ್ದೇನೆ: ಬಾಯಲ್ಲಿ ಒಪ್ಪಿಕೊಂಡ ನಂಬಿಕೆಗೂ ಬದುಕುವ ಬದುಕಿಗೂ ನಾವು ಕ್ರೈಸ್ತರು ಇಷ್ಟು ಅಂತರ ಇಟ್ಟುಕೊಂಡಿರುವುದು ಏಕೆ? ದಯವಿಟ್ಟು "ನಾವೆಲ್ಲರೂ ಪಾಪಿಗಳು" ಎಂಬ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅದನ್ನು ನಾನೇ ನೂರಾರು ಸಾರಿ ಬೇರೆಯವರಿಗೆ ಹೇಳಿದ್ದೇನೆ.

ಸಾಸಿವೆಕಾಳು
ನಾವೆಲ್ಲರೂ ಪಾಪಿಗಳು ಅಕ್ಕ. (ಕ್ಷಮಿಸಿ, ತಡೆಯಲಾಗಲಿಲ್ಲ.)

ಹೊರಗಿನವನು
ನಾನು ಯಾವ ಸಭೆಗೂ ಸೇರಿದವನಲ್ಲ, ದೇವರನ್ನೂ ನಂಬುವುದಿಲ್ಲ. ಆದರೂ ಇಲ್ಲಿ ಬರೆಯಲು ಅವಕಾಶವಿದೆ ಎಂದುಕೊಂಡಿದ್ದೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಹುಟ್ಟಿದ್ದು ನಿಮ್ಮನ್ನು ನೋಡಿ ಅಲ್ಲ, ಎಲ್ಲ ಮನುಷ್ಯರನ್ನೂ ನೋಡಿ. ನೀವು ಆದರ್ಶವನ್ನು ಎತ್ತರದಲ್ಲಿ ಇಟ್ಟಿದ್ದೀರಿ, ಅದಕ್ಕೇ ಬಿದ್ದದ್ದು ಜೋರಾಗಿ ಕೇಳಿಸುತ್ತದೆ. ಶತ್ರುವನ್ನು ಪ್ರೀತಿಸು ಎಂದು ಯಾರೂ ನನಗೆ ಹೇಳಿಲ್ಲ. ಹಾಗಾಗಿ ನಾನು ಪ್ರೀತಿಸದಿದ್ದರೆ ಯಾರೂ ಕೇಳುವುದಿಲ್ಲ.

ತೋಮನ ಬೆರಳು
ಹೊರಗಿನವನು ಅವರೇ, ನೀವು ನಮಗೆ ತುಂಬ ರಿಯಾಯಿತಿ ಕೊಡುತ್ತಿದ್ದೀರಿ. ಎತ್ತರದ ಆದರ್ಶವನ್ನು ಮುಟ್ಟಲಾಗದೆ ಬೀಳುವುದು ಬೇರೆ. ನಾವು ಎಡವುವುದು ಹೊಸ್ತಿಲಲ್ಲೇ. ಸುಳ್ಳು ಲೆಕ್ಕ ಬರೆಯಬಾರದು, ಕೆಲಸದವರ ಕೂಲಿಯನ್ನು ತಡೆಹಿಡಿಯಬಾರದು ಎನ್ನುವುದಕ್ಕೆ ಯೇಸುವಿನ ಪರ್ವತಪ್ರಸಂಗವೇ ಬೇಕೇ? ನಾನು ಹಿಂದೆ ಒಬ್ಬರ ಕೈಕೆಳಗೆ ದುಡಿಯುತ್ತಿದ್ದೆ. ಸಭೆಯ ಹಿರಿಯರು, ಪ್ರತಿ ಬೆಳಿಗ್ಗೆ ಕಚೇರಿಯಲ್ಲಿ ಕೀರ್ತನೆ ಓದಿಸುತ್ತಿದ್ದರು. ನನ್ನ ಮೂರು ತಿಂಗಳ ಸಂಬಳ ಇಂದಿಗೂ ಬರಬೇಕು. ಬೈಬಲಿನ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಎಂದಿದೆ. ಆ ಅಧ್ಯಾಯದ ಸರದಿ ಬಂದ ದಿನ ಅವರು ರಜೆಯಲ್ಲಿದ್ದರೋ ಏನೋ.

ಕೃಪೆಯೊಂದೇ
ಅಂಥವರು ನಿಜವಾದ ಕ್ರೈಸ್ತರೇ ಅಲ್ಲ. ಕ್ರಿಸ್ತನಲ್ಲಿ ಹೊಸದಾಗಿ ಹುಟ್ಟಿದವರು ಹಾಗೆ ಮಾಡಲು ಸಾಧ್ಯವಿಲ್ಲ. ಹೆಸರಿಗೆ ಕ್ರೈಸ್ತರು ಅಷ್ಟೇ. ಚರ್ಚೆ ಮುಗಿಯಿತು.

ತೋಮನ ಬೆರಳು
ಇಷ್ಟು ಬೇಗ ಮುಗಿಯುವ ಚರ್ಚೆಯಾಗಿದ್ದರೆ ಅಪೊಸ್ತಲ ಪೌಲ ಸಭೆಗಳಿಗೆ ಅಷ್ಟು ಪತ್ರಗಳನ್ನು ಬರೆಯಬೇಕಾಗಿರಲಿಲ್ಲ. ಕೊರಿಂಥದ ಸಭೆಯನ್ನು ನೋಡಿ. ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗಿದ್ದರು, "ನಾನು ಪೌಲನವನು, ನಾನು ಅಪೊಲ್ಲೋಸನವನು" ಎಂದು ಗುಂಪು ಕಟ್ಟಿದ್ದರು. ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಇಷ್ಟಾದರೂ ಪೌಲ ಪತ್ರದ ಮೊದಲಲ್ಲೇ ಅವರನ್ನು ದೇವಜನರೆಂದು ಕರೆಯುತ್ತಾನೆ. ನಿಮ್ಮ ಅಳತೆಗೋಲು ಪೌಲನದಕ್ಕಿಂತ ಕಟ್ಟುನಿಟ್ಟೇ?

ಕೃಪೆಯೊಂದೇ
ಅದೇ ಪತ್ರದ ಐದನೆಯ ಅಧ್ಯಾಯದಲ್ಲಿ ಒಬ್ಬನನ್ನು ಸಭೆಯಿಂದ ಹೊರಗೆ ಹಾಕಿ ಎಂದೂ ಬರೆದಿದ್ದಾನೆ. ಅದನ್ನು ಬಿಟ್ಟು ಓದುತ್ತೀರಾ?

ತೋಮನ ಬೆರಳು
ಬಿಟ್ಟು ಓದುವುದಿಲ್ಲ. ನನ್ನ ಆ ಯಜಮಾನರನ್ನು ಯಾವ ಸಭೆಯೂ ಹೊರಗೆ ಹಾಕಲಿಲ್ಲ ಎನ್ನುವುದೇ ನನ್ನ ದೂರು. ಅವರ ಕಾಣಿಕೆ ದೊಡ್ಡದಿತ್ತು.

ಹಳೆಯ ಜಪಮಾಲೆ
ನಾನು ಕಥೋಲಿಕ, ಎಪ್ಪತ್ತು ದಾಟಿದವನು. "ನಿಜವಾದವರು, ಹೆಸರಿಗೆ ಮಾತ್ರದವರು" ಎಂಬ ಈ ಜಗಳ ಬಹಳ ಹಳೆಯದು ಮಕ್ಕಳೇ. ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿ ದೊನಾತಿಸ್ಟರು ಎಂಬವರು ಇದೇ ವಾದ ಹೂಡಿದರು. ಹಿಂಸೆಯ ಕಾಲದಲ್ಲಿ ಹೆದರಿ ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದವರು ಕೊಡುವ ಸಂಸ್ಕಾರಗಳು ಸಲ್ಲುವುದಿಲ್ಲ, ನಮ್ಮದೇ ಶುದ್ಧ ಸಭೆ ಎಂದರು. ಸಂತ ಅಗಸ್ತೀನರು ಅವರಿಗೆ ಉತ್ತರ ಕೊಟ್ಟದ್ದು ಯೇಸು ಹೇಳಿದ ಗೋದಿ ಮತ್ತು ಕಳೆಯ ಸಾಮತಿಯಿಂದ (ದೃಷ್ಟಾಂತದಿಂದ). ಸುಗ್ಗಿಯ ತನಕ ಎರಡೂ ಜೊತೆಯಲ್ಲೇ ಬೆಳೆಯಬೇಕು, ಈಗಲೇ ಕಿತ್ತರೆ ಗೋದಿಯೂ ಬರುತ್ತದೆ.

ಆದರೆ ನನ್ನ ಅನುಭವದಲ್ಲಿ ಹೊಲ ಎಂದರೆ ಸಭೆ ಮಾತ್ರವಲ್ಲ. ನನ್ನೊಳಗೇ ಎರಡೂ ಬೆಳೆ ಇವೆ. ಐವತ್ತು ವರ್ಷಗಳಿಂದ ಪಾಪನಿವೇದನೆ ಮಾಡುತ್ತಿದ್ದೇನೆ. ಹೇಳುವ ಪಾಪಗಳು ಹೆಚ್ಚುಕಡಿಮೆ ಅವೇ. ಒಮ್ಮೆ ಗುರುಗಳಿಗೆ, "ಸ್ವಾಮಿ, ಕಳೆದ ತಿಂಗಳದ್ದೇ" ಎಂದುಬಿಟ್ಟೆ. ಅವರು ನಕ್ಕು, "ಹೊಸದನ್ನು ಶುರುಮಾಡಿಲ್ಲವಲ್ಲ" ಎಂದರು.

ಸಾಸಿವೆಕಾಳು
ತಾತ, ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

ಕೊನೆಯ ಬೆಂಚು
ಎಲ್ಲರೂ ಪಾಪಸ್ವಭಾವವನ್ನೇ ದೂರುತ್ತಿದ್ದೀರಿ. ನಾನು ಇನ್ನೊಂದು ಕಾರಣ ಹೇಳುತ್ತೇನೆ: ಅವಸರ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ದೇವಶಾಸ್ತ್ರ ಕಲಿಯುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆಸಿದ್ದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯವೇ ಒಳ್ಳೆಯ ಸಮಾರ್ಯದವನ ಕಥೆ: ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೇ ದಾಟಿ ಹೋದಾಗ ನಿಂತು ನೆರವಾದ ಪರಕೀಯನ ಬಗ್ಗೆ ಯೇಸು ಹೇಳಿದ್ದು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೆಮ್ಮುತ್ತ, ನರಳುತ್ತ ಬಿದ್ದಿದ್ದ (ಅವನು ಪ್ರಯೋಗದವರೇ ನಿಲ್ಲಿಸಿದವನು). ಸಮಯವಿದೆ ಎಂದುಕೊಂಡವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ನಿಂತರು. "ಆಗಲೇ ತಡವಾಗಿದೆ, ಓಡಿ" ಎನ್ನಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10 ಮಾತ್ರ. ಭಾಷಣದ ವಿಷಯ ಸಮಾರ್ಯದವನ ಕಥೆಯೇ ಆಗಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಆ ಕಥೆಯನ್ನೇ ಹೇಳಲು ಓಡುತ್ತ, ಆ ಕಥೆಯ ಯಾಜಕನಂತೆಯೇ ದಾಟಿ ಹೋದರು! ಕೆಟ್ಟವರೆಂದಲ್ಲ. ತಲೆಯಲ್ಲಿರುವುದು ಕಾಲಿಗೆ ಇಳಿದಿರಲಿಲ್ಲ.

ಹೊರಗಿನವನು
ಒಟ್ಟು ನಲವತ್ತು ಜನರ ಪ್ರಯೋಗ ಅದು. ಅದರ ಮೇಲೆ ಇಡೀ ಧರ್ಮದ ತೀರ್ಪು ಕೊಡಬೇಡಿ. ನಾಸ್ತಿಕ ವಿದ್ಯಾರ್ಥಿಗಳನ್ನು ಓಡಿಸಿದ್ದರೂ ಹಾಗೆಯೇ ಆಗುತ್ತಿತ್ತೇನೋ.

ಕೊನೆಯ ಬೆಂಚು
ಒಪ್ಪಿದೆ. ಅದೇ ನೋವು. ನಮ್ಮಲ್ಲಿ ಪವಿತ್ರಾತ್ಮನಿದ್ದಾನೆ ಎಂದು ಹೇಳುವವರು ನಾವು. "ಬೇರೆಯವರ ಹಾಗೆಯೇ" ಎಂಬ ಫಲಿತಾಂಶ ನಮಗೆ ಸಮಾಧಾನವಾಗಬಾರದು.

ಮಂದ್ರಸ್ಥಾಯಿ
ಅವಸರ ಬಿಡಿ, ಅಭ್ಯಾಸವಿಲ್ಲ ಎನ್ನಿ. ಗಾಯನವೃಂದದಲ್ಲಿ ಇಪ್ಪತ್ತು ವರ್ಷ ಹಾಡಿದ್ದೇನೆ. ಒಂದು ನಾಲ್ಕು ನಿಮಿಷದ ಹಾಡಿಗೆ ಆರು ವಾರ ಅಭ್ಯಾಸ ಮಾಡುತ್ತೇವೆ. ತಪ್ಪಿದರೆ ಸಾಲು ಸಾಲಾಗಿ ಮತ್ತೆ ಹಾಡುತ್ತೇವೆ. ಕ್ಷಮಿಸುವುದನ್ನೋ, ನಾಲಿಗೆಯನ್ನು ಬಿಗಿಹಿಡಿಯುವುದನ್ನೋ ಯಾರಾದರೂ ಹೀಗೆ ಅಭ್ಯಾಸ ಮಾಡಿಸುತ್ತಾರೆಯೇ? ಪ್ರಸಂಗ ಕೇಳಿದರೆ ಸಾಕು, ಬಂದುಬಿಡುತ್ತದೆ ಎಂದುಕೊಂಡಿದ್ದೇವೆ. ಹಾಡನ್ನು ಕೇಳಿ ಯಾರೂ ಗಾಯಕರಾಗಿಲ್ಲ.

ಸಾಸಿವೆಕಾಳು
ಅಣ್ಣ, ಗಾಯನವೃಂದದಲ್ಲಿ ನಡೆಯುವ ಜಗಳಗಳ ಬಗ್ಗೆಯೂ ಸ್ವಲ್ಪ ಬರೆಯಿರಿ.

ಮಂದ್ರಸ್ಥಾಯಿ
ಅದಕ್ಕೆ ಬೇರೆ ಚರ್ಚೆಯೇ ಬೇಕಾಗುತ್ತದೆ. ಸಮಾಧಾನದ ಬಗ್ಗೆ ಹಾಡುವ ಹಾಡಿನಲ್ಲಿ ಒಂಟಿ ಚರಣ ಯಾರದು ಎಂದು ಇಬ್ಬರು ಎರಡು ತಿಂಗಳು ಮಾತು ಬಿಟ್ಟಿದ್ದರು. ಅವರಲ್ಲಿ ಒಬ್ಬ ನಾನೇ.

ಮಾರ್ಥಳ ತಂಗಿ
ಮಂದ್ರಸ್ಥಾಯಿ ಅಣ್ಣ, ನನ್ನ ಜಗಳವೂ ಸುಮಾರಾಗಿ ಅಂಥದ್ದೇ. ಮಕ್ಕಳ ಕ್ರಿಸ್ಮಸ್ ನಾಟಕದಲ್ಲಿ ಆ ಹುಡುಗಿಗೆ ನಾನು ಮರಿಯಳ ಪಾತ್ರ ಕೊಡಲಿಲ್ಲ. ಅವಳ ತಾಯಿ ಎಲ್ಲರೆದುರು ನನ್ನನ್ನು ಪಕ್ಷಪಾತಿ ಎಂದರು. ಮೂರು ವರ್ಷವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡ ದ್ರೋಹವೇನಾದರೂ ಆಗಿದ್ದರೆ ಕ್ಷಮಿಸಲು ಒಂದು ಘನತೆಯಾದರೂ ಇರುತ್ತಿತ್ತು.

ಹಳೆಯ ಜಪಮಾಲೆ
ಸರಿಯಾಗಿ ಹೇಳಿದೆಯಮ್ಮ. ನಾವು ಹುತಾತ್ಮರಾಗಲು ಸಿದ್ಧ, ಸಭೆಯ ಕುರ್ಚಿ ಬಿಟ್ಟುಕೊಡಲು ಸಿದ್ಧರಿಲ್ಲ.

ಅರ್ಧ ಓದಿದವನು
ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯವನ್ನು ಯಾರೂ ಎತ್ತಲಿಲ್ಲ, ಆಶ್ಚರ್ಯ. ಇಷ್ಟಪಡುವ ಒಳ್ಳೆಯದನ್ನು ಮಾಡದೆ, ಇಷ್ಟಪಡದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಪೌಲನೇ ಒಪ್ಪಿಕೊಂಡಿದ್ದಾನೆ. ಅವನಿಗೇ ಆಗದಿದ್ದರೆ ನಮ್ಮ ಪಾಡೇನು? ನನಗೆ ಆ ಅಧ್ಯಾಯ ಬಹಳ ನೆಮ್ಮದಿ ಕೊಡುತ್ತದೆ.

ಕೃಪೆಯೊಂದೇ
ಅಲ್ಲಿ ಪೌಲ ಹೇಳುತ್ತಿರುವುದು ಕ್ರಿಸ್ತನನ್ನು ಅರಿಯುವ ಮುಂಚಿನ ಮನುಷ್ಯನ ಬಗ್ಗೆ. ಎಂಟನೆಯ ಅಧ್ಯಾಯಕ್ಕೆ ಹೋಗಿ, ಅಲ್ಲಿ ಬಿಡುಗಡೆ ಇದೆ.

ಹಳೆಯ ಜಪಮಾಲೆ
ಆ ಪ್ರಶ್ನೆಯಲ್ಲಿ ಅಗಸ್ತೀನರೇ ಅಭಿಪ್ರಾಯ ಬದಲಿಸಿಕೊಂಡರು. ಮೊದಲು ನೀವು ಹೇಳಿದ ಹಾಗೆ ಓದಿದರು. ವಯಸ್ಸಾದ ಮೇಲೆ, ಅದು ವಿಶ್ವಾಸಿಯ ಮಾತೇ ಎಂದರು. ನನಗೂ ವಯಸ್ಸಾದ ಮೇಲೆಯೇ ಅರ್ಥವಾಯಿತು.

ತೋಮನ ಬೆರಳು
ನನಗೆ ಸಿಟ್ಟು ಬರುವುದು "ನೆಮ್ಮದಿ ಕೊಡುತ್ತದೆ" ಎಂಬ ಮಾತಿಗೆ. ಪೌಲ ಆ ಅಧ್ಯಾಯದ ಕೊನೆಯ ಹೊತ್ತಿಗೆ "ಅಯ್ಯೋ, ನಾನು ಎಂಥ ದುರವಸ್ಥೆಯಲ್ಲಿರುವ ಮನುಷ್ಯ" ಎಂದು ಮುಗಿಲಿಗೆ ಕೂಗುತ್ತಾನೆ. ನಾವು ಅದೇ ಅಧ್ಯಾಯವನ್ನು ದಿಂಬು ಮಾಡಿಕೊಂಡು ಮಲಗುತ್ತೇವೆ. ಲೂಥರನ "ಏಕಕಾಲಕ್ಕೆ ನೀತಿವಂತ, ಏಕಕಾಲಕ್ಕೆ ಪಾಪಿ" ಎಂಬ ಮಾತಿಗೂ ಇದೇ ಗತಿ. ಇದನ್ನೇ ಜರ್ಮನ್ ದೇವಶಾಸ್ತ್ರಜ್ಞ ಬಾನ್‌ಹಾಫರ್ 1937ರಲ್ಲಿ "ಅಗ್ಗದ ಕೃಪೆ" ಎಂದು ಕರೆದದ್ದು: ಪಶ್ಚಾತ್ತಾಪವಿಲ್ಲದ ಕ್ಷಮೆ, ಹಿಂಬಾಲಿಸುವ ಅಗತ್ಯವಿಲ್ಲದ ಕೃಪೆ. ಬರೆದು ಸುಮ್ಮನಾಗಲಿಲ್ಲ. 1945ರಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಅರ್ಧ ಓದಿದವನು
ನನ್ನ ಮೇಲೆ ಏಕೆ ರೇಗುತ್ತೀರಿ ಸರ್? ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು. ನಡುವೆ ಎರಡು ಸಾರಿ ಬಿದ್ದೆ. ಆ ಎರಡು ರಾತ್ರಿ ನನ್ನನ್ನು ಮತ್ತೆ ಎಬ್ಬಿಸಿದ್ದು ಅದೇ ಅಧ್ಯಾಯ. ದಿಂಬಲ್ಲ ಅದು.

ತೋಮನ ಬೆರಳು
ತಪ್ಪಾಯಿತು. ನಿಮ್ಮನ್ನು ಅರಿಯದೆ ಬರೆದೆ. ನಿಮ್ಮ ಹದಿನಾಲ್ಕು ತಿಂಗಳಿಗೆ ನನ್ನ ನಮಸ್ಕಾರ.

ಹೊರಗಿನವನು
ಈ ವೇದಿಕೆಯಲ್ಲಿ ಒಬ್ಬರು ಇನ್ನೊಬ್ಬರ ಬಳಿ ಕ್ಷಮೆ ಕೇಳಿದ್ದನ್ನು ಮೊದಲ ಸಾರಿ ನೋಡುತ್ತಿದ್ದೇನೆ. ದಿನಾಂಕ ಗುರುತು ಹಾಕಿಕೊಳ್ಳಿ.

ಕೊನೆಯ ಬೆಂಚು
ಇಲ್ಲಿಯವರೆಗೆ ಬಂದ ಉದಾಹರಣೆಗಳೆಲ್ಲ ಗೊತ್ತಿದ್ದೂ ಮಾಡುವ ತಪ್ಪುಗಳು. ನನ್ನನ್ನು ಹೆಚ್ಚು ಹೆದರಿಸುವುದು ತಪ್ಪೆಂದೇ ಕಾಣದ ತಪ್ಪುಗಳು. ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್‌ನನ್ನು ತೆಗೆದುಕೊಳ್ಳಿ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರ ಕಡೆ ತಿರುಗಿದ. ಆಮೇಲೆ ಏನು ಮಾಡಿದ? ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದ! ಹಡಗಿನಲ್ಲಿ ಭಾನುವಾರದ ಆರಾಧನೆಯನ್ನೂ ನಡೆಸುತ್ತಿದ್ದ. 1754ರಲ್ಲಿ ಸಮುದ್ರಯಾನ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿತೆಂದಲ್ಲ, ಆರೋಗ್ಯ ಕೆಟ್ಟಿತೆಂದು. 1764ರಲ್ಲಿ ಪಾದ್ರಿಯಾದ. ಗುಲಾಮಗಿರಿಯ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ಕಿರುಹೊತ್ತಗೆ ಬರೆದದ್ದು 1788ರಲ್ಲಿ. ಹಡಗು ಬಿಟ್ಟ ಮೇಲೂ 34 ವರ್ಷ.

ಕಪಟಿ ಎನ್ನೋಣವೇ? ನನಗೆ ಹಾಗೆ ತೋರುವುದಿಲ್ಲ. ಸುತ್ತಲಿನ ಗೌರವಸ್ಥರೆಲ್ಲ ಮಾಡುವುದು ಪಾಪವಾಗಿ ಕಾಣುವುದಿಲ್ಲ. ಹಡಗಿನ ಒಡಲಲ್ಲಿ ಸಂಕೋಲೆ, ಮೇಲ್ಗಟ್ಟೆಯಲ್ಲಿ ಪ್ರಾರ್ಥನೆ.

ಮಂದ್ರಸ್ಥಾಯಿ
ಇದರ ಸಭೆಯ ರೂಪವೂ ಇದೆ. ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ 1857ರ ಮಹಾಸಭೆ ಏನು ತೀರ್ಮಾನಿಸಿತು ಗೊತ್ತೇ? ಎಲ್ಲ ವಿಶ್ವಾಸಿಗಳೂ ಕೂಡಿ ಆರಾಧಿಸುವುದೇ ಸತ್ಯವೇದಕ್ಕೆ ಒಪ್ಪುವಂಥದ್ದು, ಆದರೆ ಕೆಲವರ ಬಲಹೀನತೆಯ ಕಾರಣ ಬಿಳಿಯರಲ್ಲದವರಿಗೆ ಬೇರೆ ಕಡೆ ಆರಾಧನೆ ನಡೆಯಬಹುದು ಎಂದು. ಸತ್ಯವೇನೆಂದು ಗೊತ್ತಿತ್ತು, ಕಾಗದದ ಮೇಲೂ ಬರೆದರು, ಕೆಳಗೆ ಒಂದು "ಆದರೆ" ಸೇರಿಸಿದರು. 1881ರಲ್ಲಿ ಬೇರೆ ಸಭೆಯೇ ಹುಟ್ಟಿತು. ಮುಂದೆ ವರ್ಣಭೇದದ ಆಡಳಿತಕ್ಕೆ ದೇವಶಾಸ್ತ್ರದ ಆಸರೆ ಸಿಕ್ಕಿದ್ದೂ ಅಲ್ಲಿಂದಲೇ. ಆ "ಆದರೆ" ಎಷ್ಟು ಸೌಜನ್ಯದ್ದು ನೋಡಿ. ಬಲಹೀನರ ಮೇಲಿನ ಕನಿಕರವಂತೆ!

ಸತ್ಯಶೋಧಕ 7
ಕ್ರೈಸ್ತರ ತಪ್ಪುಗಳನ್ನೇ ಪಟ್ಟಿ ಮಾಡುತ್ತಿದ್ದೀರಲ್ಲ, ಬೇರೆ ಧರ್ಮದವರು ಮಾಡಿದ್ದನ್ನು ಏಕೆ ಹೇಳುವುದಿಲ್ಲ? ನಾನು ಹೇಳಲೇ?

ನಿರ್ವಾಹಕ
ಬೇಡ. ಇಲ್ಲಿ ಕೇಳಿರುವುದು ನಮ್ಮ ಮನೆಯ ಕಸದ ಬಗ್ಗೆ. ಪಕ್ಕದ ಮನೆಗೆ ಕೈ ತೋರಿಸುವ ಬರಹಗಳನ್ನು ತೆಗೆದುಹಾಕುತ್ತೇನೆ.

ಸಾಸಿವೆಕಾಳು
ಹಾಗಾದರೆ ಒಳ್ಳೆಯವರು ಯಾರೂ ಇರಲಿಲ್ಲವೇ? ಓದಿ ಓದಿ ಮನಸ್ಸು ಭಾರವಾಯಿತು.

ಹೊರಗಿನವನು
ನಾನೇ ನಿಮ್ಮ ಪರವಾಗಿ ಹೇಳಬೇಕಾಯಿತು! ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತರ ಕಡು ವಿರೋಧಿ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಹಾಗೆ ಕರೆಯುತ್ತಿದ್ದ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ, ನಮಗೆ ನಾಚಿಕೆಗೇಡು ಎಂದು ತನ್ನ ಪೂಜಾರಿಯೊಬ್ಬನಿಗೆ ಕಾಗದ ಬರೆದ. ವಿರೋಧಿಯ ಬಾಯಿಂದ ಬಂದ ಸಾಕ್ಷಿ, ಹಾಗಾಗಿ ನಾನು ನಂಬುತ್ತೇನೆ.

ಕೊನೆಯ ಬೆಂಚು
ಅದಕ್ಕೂ ಒಂದು ಹಿನ್ನೆಲೆ ಇದೆ. ಆರಂಭದ ಶತಮಾನಗಳಲ್ಲಿ ಕೆಲವು ಕಡೆ ದೀಕ್ಷಾಸ್ನಾನಕ್ಕೆ ಮುಂಚೆ ಮೂರು ವರ್ಷದ ತನಕ ಕಲಿಕೆ ಇರುತ್ತಿತ್ತು. ಪ್ರಶ್ನೋತ್ತರ ಬಾಯಿಪಾಠ ಆಯಿತೇ ಎಂದಷ್ಟೇ ನೋಡುತ್ತಿರಲಿಲ್ಲ. ವಿಧವೆಯರನ್ನು ನೋಡಿಕೊಂಡನೇ, ರೋಗಿಗಳ ಬಳಿ ಹೋದನೇ ಎಂದು ವಿಚಾರಿಸುತ್ತಿದ್ದರು. 313ರಲ್ಲಿ ಕಾನ್‌ಸ್ಟಂಟೈನ್ ಧರ್ಮಕ್ಕೆ ಮಾನ್ಯತೆ ಕೊಟ್ಟ, 380ರಲ್ಲಿ ಅದು ರಾಜ್ಯದ ಧರ್ಮವೇ ಆಯಿತು. ಕ್ರೈಸ್ತನಾಗಲು ಧೈರ್ಯ ಬೇಕಿದ್ದ ಕಾಲ ಹೋಗಿ, ಕ್ರೈಸ್ತನಾದರೆ ಲಾಭವಿರುವ ಕಾಲ ಬಂತು. ಕಾನ್‌ಸ್ಟಂಟೈನ್ ಸ್ವತಃ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಆ ಕಾಲದ ಅನೇಕರು ಹಾಗೆ ಮುಂದೂಡುತ್ತಿದ್ದರು, ಸ್ನಾನದ ನಂತರದ ಪಾಪಕ್ಕೆ ಹೆದರಿ. ನಾವು ಅವರಿಗಿಂತ ವಾಸಿ, ಹೆದರುವುದೇ ಇಲ್ಲ.

ಅರ್ಧ ಓದಿದವನು
ಮಂದ್ರಸ್ಥಾಯಿ ಅಣ್ಣ ಅಭ್ಯಾಸ ಎಂದರಲ್ಲ, ಅದಕ್ಕೆ ಸೇರಿಸುತ್ತೇನೆ. ನನ್ನನ್ನು ಉಳಿಸಿದ್ದು ವಾರಕ್ಕೊಮ್ಮೆ ಕೂರುವ ಐದು ಜನರ ಗುಂಪು. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ 1738ರಲ್ಲೇ ಇಂಥ ಸಣ್ಣ ಗುಂಪುಗಳಿಗೆ ನಿಯಮ ಬರೆದಿದ್ದರು ಎಂದು ಆಮೇಲೆ ಗೊತ್ತಾಯಿತು. ಪ್ರತಿ ವಾರ ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ಸಾರಿ ಸೇರಿದ ಮೇಲೆ ಗೊತ್ತಿದ್ದು ಮಾಡಿದ ಪಾಪ ಯಾವುದು?

ಸಾಸಿವೆಕಾಳು
ನಮ್ಮ ಸಭೆಯಲ್ಲಿ ಈ ಪ್ರಶ್ನೆ ಕೇಳಿದರೆ ಹತ್ತು ನಿಮಿಷ ಮೌನ. ಯಾರಾದರೂ ಬಾಯಿ ಬಿಟ್ಟರೆ ಮರುದಿನ ಬೆಳಿಗ್ಗೆಯೊಳಗೆ ಎಲ್ಲರ ಮೊಬೈಲ್‌ನಲ್ಲಿ "ಪ್ರಾರ್ಥನಾ ವಿನಂತಿ".

ಅರ್ಧ ಓದಿದವನು
ಅದಕ್ಕೇ ಐದೇ ಜನ ತಂಗಿ. ಐವತ್ತಲ್ಲ.

ಕೃಪೆಯೊಂದೇ
ಮಾರ್ಥಳ ತಂಗಿ ಅವರೇ, ನಾನು ಇಲ್ಲಿ ಸ್ವಲ್ಪ ಗಡುಸಾಗಿ ಬರೆದೆ. ಒಂದು ವಚನವನ್ನು ಮಾತ್ರ ಗಮನಕ್ಕೆ ತರುತ್ತೇನೆ. ಮತ್ತಾಯ ಐದನೆಯ ಅಧ್ಯಾಯ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮಾತು. ನಾನು ಇದನ್ನು ವರ್ಷಗಟ್ಟಲೆ ತಪ್ಪಾಗಿ ಓದಿದ್ದೆ. "ನಿನಗೆ ಅವನ ಮೇಲೆ ಏನಾದರೂ ಇದ್ದರೆ" ಎಂದು ಅಲ್ಲಿ ಇಲ್ಲ. "ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ" ಎಂದಿದೆ.

ಇನ್ನೊಂದು. ಆ ಮಾತು ಆಡಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಹಲವು ದಿನಗಳ ನಡಿಗೆ. ಕೇಳಿದವರಿಗೆ ಅದರ ಭಾರ ಗೊತ್ತಿತ್ತು. ಕಾಣಿಕೆ ಬಿಟ್ಟು ಅಷ್ಟು ದೂರ ಹಿಂದಕ್ಕೆ ನಡೆದು ಬಾ, ಆಮೇಲೆ ಮತ್ತೆ ಹೋಗು ಎಂದಂತೆ.

ತೋಮನ ಬೆರಳು
ಕೃಪೆಯೊಂದೇ ಅವರೇ, ಮೊದಲಿನಿಂದಲೂ ಹೀಗೆಯೇ ಬರೆದಿದ್ದರೆ ನಾವು ಅರ್ಧ ಜಗಳ ಆಡುತ್ತಿರಲಿಲ್ಲ.

ಕೃಪೆಯೊಂದೇ
ಉಳಿದ ಅರ್ಧವನ್ನು ನಾಳೆ ಮುಂದುವರಿಸೋಣ. ರೋಮಾಪುರದವರಿಗೆ ಏಳು, ನಾನಿನ್ನೂ ಒಪ್ಪಿಲ್ಲ.

ಮಾರ್ಥಳ ತಂಗಿ
ಎರಡು ದಿನ ಇಲ್ಲಿ ಬರೆಯಲಿಲ್ಲ, ಓದುತ್ತಿದ್ದೆ. ಮೂರು ವರ್ಷ ನಾನು "ಅವರನ್ನು ಕ್ಷಮಿಸಬೇಕೇ" ಎಂದೇ ಯೋಚಿಸಿದ್ದೆ. ಅವರಿಗೆ ನನ್ನ ಮೇಲೆ ಏನಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ವರ್ಷ ಮರಿಯಳ ಪಾತ್ರವನ್ನು ನನ್ನ ಅಣ್ಣನ ಮಗಳಿಗೆ ಕೊಟ್ಟಿದ್ದೆ. ಇದನ್ನು ಮೊದಲ ಬರಹದಲ್ಲಿ ಹೇಳಿರಲಿಲ್ಲ, ನೀವು ಗಮನಿಸಿರಬಹುದು.

ನಿನ್ನೆ ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಹುಡುಗಿ. "ಅಮ್ಮಾ, ಟೀಚರ್ ಬಂದಿದ್ದಾರೆ, ನಿನ್ನ ಜೊತೆ ಮಾತನಾಡದ ಟೀಚರ್" ಎಂದು ಒಳಗೆ ಕೂಗಿದಳು. ತಾಯಿ ಬಂದರು, ಕೂರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ, ಅಣ್ಣನ ಮಗಳ ವಿಷಯವನ್ನೂ ಸೇರಿಸಿ. ಅವರು ಬಹಳ ಹೊತ್ತು ಸುಮ್ಮನಿದ್ದು, "ಯೋಚಿಸಿ ಹೇಳುತ್ತೇನೆ" ಎಂದರು. ಅಷ್ಟೇ. ಬಂದುಬಿಟ್ಟೆ.

ಹಳೆಯ ಜಪಮಾಲೆ
ಕಾಯಮ್ಮ. ಅವರಿಗೂ ಮೂರು ವರ್ಷದ ಭಾರವಿದೆ.

ಸಾಸಿವೆಕಾಳು
ಅಕ್ಕ, ಈ ವರ್ಷದ ನಾಟಕದಲ್ಲಿ ಮರಿಯಳ ಪಾತ್ರ ಯಾರಿಗೆ?

ಮಾರ್ಥಳ ತಂಗಿ
ಆ ಹುಡುಗಿಯನ್ನೇ ಕೇಳಿದೆ. ಬೇಡವಂತೆ. ಅವಳಿಗೆ ಒಂಟೆಯಾಗಬೇಕಂತೆ.